ಹಳೆ ಪೆಟ್ರೋಲ್ ಕಾರಿನ ಮೈಲೇಜ್ ಬಿದ್ದಿದೆಯಾ? ಇಂಜಿನ್ ಬಿಚ್ಚಿಸುವ ಮೊದಲು ಇದನ್ನು ಓದಿ

"ಗಾಡಿಗೆ ವಯಸ್ಸಾಯ್ತು ಸಾರ್, ಇನ್ನು ಇಷ್ಟೇ ಕೊಡೋದು." ಹತ್ತು ವರ್ಷ ದಾಟಿದ ಕಾರನ್ನು ಗ್ಯಾರೇಜಿಗೆ ಒಯ್ದು ಮೈಲೇಜ್ ಬರುತ್ತಿಲ್ಲ ಅಂದರೆ ಬಹುತೇಕ ಈ ಮಾತೇ ಬರುತ್ತದೆ. ಅದರ ಹಿಂದೆಯೇ ಎರಡು ಸಲಹೆಗಳು ಬರುತ್ತವೆ. ಒಂದು, ಇಂಜಿನ್ ಕೆಲಸ ಮಾಡಿಸಿ. ಇನ್ನೊಂದು, ಮಾರಿಬಿಡಿ.

ನಾನು ಇದನ್ನು ಒಪ್ಪುವುದಿಲ್ಲ. ವಯಸ್ಸು ಒಂದು ದೋಷದ ಹೆಸರಲ್ಲ. ಹೊತ್ತುಹೊತ್ತಿಗೆ ಆಯಿಲ್ ಬದಲಿಸಿಕೊಂಡು ಬಂದ ಫ್ಯೂಯಲ್ ಇಂಜೆಕ್ಷನ್ ಪೆಟ್ರೋಲ್ ಇಂಜಿನ್ ಒಂದೂವರೆ ಲಕ್ಷ ಕಿ.ಮೀ. ಓಡಿದ ಮೇಲೂ ಹೊಸದರಲ್ಲಿ ಕೊಡುತ್ತಿದ್ದ ಮೈಲೇಜಿನ ಹತ್ತಿರಹತ್ತಿರವೇ ಕೊಡುತ್ತದೆ. ಲೀಟರಿಗೆ 15 ಕಿ.ಮೀ. ಕೊಡುತ್ತಿದ್ದ ಕಾರು 11ಕ್ಕೆ ಇಳಿದಿದ್ದರೆ ಎಲ್ಲೋ ಒಂದು ಭಾಗ ಕೆಟ್ಟಿದೆ, ಇಲ್ಲವೇ ಯಾರೋ ಅದನ್ನು ತೆಗೆದುಹಾಕಿದ್ದಾರೆ. ಅದನ್ನು ಹುಡುಕಬೇಕು. ಹುಡುಕದೆ ಒಳ್ಳೆಯ ಗಾಡಿಯನ್ನು ಗುಜರಿಗೆ ಕಳಿಸುವುದನ್ನು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ.

ಇಲ್ಲಿ ಹೇಳುವುದೆಲ್ಲ ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್, ಐ10 ತರಹದ ಪೆಟ್ರೋಲ್ ಕಾರುಗಳಿಗೆ ಸಂಬಂಧಿಸಿದ್ದು. ಗೇರ್ ನಾವೇ ಹಾಕುವ ಗಾಡಿಗಳು. ಡೀಸೆಲ್‌ನ ದಾರಿ ಬೇರೆ. ಹುಡುಕುವ ಕ್ರಮ ಮುಖ್ಯ. ದುಡ್ಡಿಲ್ಲದೆ ಆಗುವ ಪರೀಕ್ಷೆಗಳು ಮೊದಲು, ಇಂಜಿನ್ನಿನ ಒಳಗಿನ ವಿಚಾರ ಕೊನೆಗೆ.

ನಿಜವಾಗಿಯೂ ಬಿದ್ದಿದೆಯಾ?

"ಐನೂರು ರೂಪಾಯಿ ಹಾಕಿಸಿದೆ, ಮುಳ್ಳು ಮತ್ತೆ ಅಲ್ಲಿಗೇ ಬಂತು" ಎಂಬ ಲೆಕ್ಕ ಲೆಕ್ಕವೇ ಅಲ್ಲ. ಪೆಟ್ರೋಲ್ ಮುಳ್ಳು ಅಷ್ಟು ನಿಖರ ಇರುವುದಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ತೋರಿಸುವ ಸರಾಸರಿಯೂ ಅಂದಾಜೇ. ಫುಲ್ ಟ್ಯಾಂಕ್ ಲೆಕ್ಕವೊಂದೇ ನಂಬಿಕೆಗೆ ಅರ್ಹ.

ಒಂದೇ ಬಂಕ್, ಸಾಧ್ಯವಾದರೆ ಒಂದೇ ಪಂಪು, ಗಾಡಿ ನಿಲ್ಲಿಸುವ ದಿಕ್ಕೂ ಒಂದೇ. ನಾಜಲ್ ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸಿ. ಬಾಯಿಯವರೆಗೂ ತುಂಬಿಸಬೇಡಿ. ಹಾಗೆ ತುಂಬಿಸಿದರೆ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ ನೇರವಾಗಿ ಪೆಟ್ರೋಲೇ ಹೋಗಿ ಅದು ಕೆಡುತ್ತದೆ. ಓಡೋಮೀಟರ್ ಬರೆದಿಟ್ಟುಕೊಳ್ಳಿ. ಮುನ್ನೂರು ಕಿ.ಮೀ. ಮೇಲೆ ಓಡಿಸಿ ಮತ್ತೆ ಹಾಗೆಯೇ ತುಂಬಿಸಿ. ಓಡಿದ ಕಿ.ಮೀ.ಯನ್ನು ಈ ಸಲ ಹಿಡಿಸಿದ ಲೀಟರಿನಿಂದ ಭಾಗಿಸಿ.

ಒಂದು ಸಲದ ಲೆಕ್ಕಕ್ಕೆ ನಿಲ್ಲಬೇಡಿ. ನಾಜಲ್ ಕಟ್ ಆಗುವ ಮಟ್ಟದಲ್ಲಿ ಒಂದು ಲೀಟರಿನಷ್ಟು ಆಚೀಚೆ ಆಗುವುದುಂಟು. ಹತ್ತು ಲೀಟರ್ ತುಂಬಿಸಿ ಲೆಕ್ಕ ಹಾಕಿದರೆ ಅದೇ ಶೇ 10ರ ತಪ್ಪು. ಮೂರು ಸಲ ಸೇರಿ 75 ಲೀಟರ್ ಆಗಿದ್ದರೆ ಅದೇ ಒಂದು ಲೀಟರ್ ಶೇ 1ಕ್ಕಿಂತ ಸ್ವಲ್ಪವೇ ಜಾಸ್ತಿ. ಮೂರು ಟ್ಯಾಂಕಿನ ಒಟ್ಟು ಕಿ.ಮೀ., ಒಟ್ಟು ಲೀಟರ್. ಆ ಒಂದು ಅಂಕಿ ಸಾಕು.

ಟೈರ್ ಬದಲಿಸಿದಾಗ ಅಳತೆಯನ್ನೂ ಬದಲಿಸಿದ್ದೀರಾ ನೋಡಿಕೊಳ್ಳಿ. 145/80 ಆರ್13 ಇದ್ದ ಕಡೆ 155/80 ಆರ್13 ಹಾಕಿಸುವವರು ತುಂಬಾ ಜನ. ಚಕ್ರದ ವ್ಯಾಸ 562 ಮಿ.ಮೀ.ನಿಂದ 578 ಮಿ.ಮೀ.ಗೆ ಏರುತ್ತದೆ. ಗಾಡಿ 100 ಕಿ.ಮೀ. ಓಡಿದರೂ ಓಡೋಮೀಟರ್ ಸುಮಾರು 97 ಅಂತ ತೋರಿಸುತ್ತದೆ. ಪೆಟ್ರೋಲ್ ಅಷ್ಟೇ ಉರಿದಿದೆ, ದೂರ ಮಾತ್ರ ಕಡಿಮೆ ಎಣಿಕೆಯಾಗಿದೆ. ಹೆದ್ದಾರಿಯಲ್ಲಿ ಹತ್ತು ಕಿ.ಮೀ. ಕಲ್ಲುಗಳನ್ನು ಎಣಿಸಿಯೋ, ಫೋನಿನ ಜಿಪಿಎಸ್ ಇಟ್ಟುಕೊಂಡೋ ಒಮ್ಮೆ ತಾಳೆ ನೋಡಿ.

ಇನ್ನೊಂದು ಮಾತು. ಕಂಪನಿಯ ಜಾಹೀರಾತಿನ ಅಂಕಿಯ ಜೊತೆ ಹೋಲಿಸಬೇಡಿ. 2010ರ ಒಂದು ಲೀಟರ್ ವ್ಯಾಗನ್ ಆರ್‌ಗೆ 18.9 ಅಂತ ಪ್ರಮಾಣಪತ್ರ ಇತ್ತು. ಆ ಪರೀಕ್ಷೆ ಲ್ಯಾಬಿನ ರೋಲರ್ ಮೇಲೆ ನಡೆಯುವಂಥದ್ದು. ಸುಮಾರು 20 ನಿಮಿಷ, 11 ಕಿ.ಮೀ.ಗೂ ಕಡಿಮೆ ದೂರ, ಗರಿಷ್ಠ ವೇಗ 90, ಎಸಿ ಬಂದ್. ನಿಮ್ಮ ರಸ್ತೆಗೂ ಅದಕ್ಕೂ ಸಂಬಂಧವಿಲ್ಲ. ಇದೇ ಕಾರು, ಇದೇ ದಾರಿಯಲ್ಲಿ, ಮೊದಲು ಎಷ್ಟು ಕೊಡುತ್ತಿತ್ತು ಎಂಬುದೇ ನಿಮ್ಮ ಅಳತೆಗೋಲು.

ದೋಷವಲ್ಲದ ಕಾರಣಗಳನ್ನು ಮೊದಲು ಕಳೆಯಿರಿ

ಮನೆ ಬದಲಾಗಿದೆಯಾ? ಆಫೀಸಿನ ದಾರಿ ಬದಲಾಗಿದೆಯಾ? ಒಂದು ಲೆಕ್ಕ ನೋಡಿ. ಸಣ್ಣ ಪೆಟ್ರೋಲ್ ಇಂಜಿನ್ ಎಸಿ ಹಾಕಿಕೊಂಡು ನಿಂತಲ್ಲೇ ಓಡಿದರೆ ಗಂಟೆಗೆ ಹೆಚ್ಚುಕಡಿಮೆ ಒಂದು ಲೀಟರ್ ಕುಡಿಯುತ್ತದೆ. ನಿಲ್ಲದೆ ಹೋದರೆ 16 ಕೊಡುವ ಕಾರಿಗೆ 10 ಕಿ.ಮೀ.ಗೆ 0.63 ಲೀಟರ್ ಬೇಕು. ಅದೇ ಹತ್ತು ಕಿ.ಮೀ.ಯಲ್ಲಿ ಸಿಗ್ನಲ್‌ಗಳಲ್ಲೇ 15 ನಿಮಿಷ ನಿಂತರೆ ಇನ್ನೊಂದು ಕಾಲು ಲೀಟರ್ ಸೇರುತ್ತದೆ. ಮೈಲೇಜ್ 11ರ ಹತ್ತಿರಕ್ಕೆ ಬಂತು! ಕಾರಿನಲ್ಲಿ ಏನೂ ಕೆಟ್ಟಿಲ್ಲ. ಹಾಸನದಿಂದ ಬೆಂಗಳೂರಿಗೆ ಬಂದು ನೆಲೆಸಿದವರ ಕಾರು ಏಕಾಏಕಿ ಜಾಸ್ತಿ ಕುಡಿಯುವುದಕ್ಕೆ ಇದೇ ಕಾರಣ.

ಎರಡನೆಯದು ಪೆಟ್ರೋಲಿಗೆ ಬೆರೆಸುವ ಎಥನಾಲ್. ಇದರ ಬಗ್ಗೆ ಕೂಗಾಟ ಜಾಸ್ತಿ, ಲೆಕ್ಕ ಕಡಿಮೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಎಥನಾಲ್‌ನಲ್ಲಿ ಸುಮಾರು 21 ಇದೆ. ಶೇ 20 ಬೆರೆಸಿದ ಇ20ರಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ 7ರಷ್ಟು ಶಕ್ತಿ ಕಡಿಮೆ. ನೀತಿ ಆಯೋಗದ 2021ರ ವರದಿಯೂ ಹಳೆ ವಿನ್ಯಾಸದ ಕಾರುಗಳಲ್ಲಿ ಶೇ 6ರಿಂದ 7ರಷ್ಟು ಇಳಿಕೆ ಬರುತ್ತದೆ ಎಂದೇ ಹೇಳಿತ್ತು. ಅಂದರೆ 15 ಕೊಡುತ್ತಿದ್ದ ಕಾರು 14 ಕೊಟ್ಟರೆ ಅದು ಎಥನಾಲ್ ಲೆಕ್ಕಕ್ಕೆ ಹೋಗುತ್ತದೆ. 11 ಕೊಟ್ಟರೆ ಹೋಗುವುದಿಲ್ಲ. ಉಳಿದ ಮೂರು ಕಿ.ಮೀ.ಯನ್ನು ಎಥನಾಲ್ ತಲೆಗೆ ಕಟ್ಟಿ ಸುಮ್ನೆ ಕೂತರೆ ನಿಜವಾದ ದೋಷ ಹಾಗೇ ಬೆಳೆಯುತ್ತದೆ.

ಹಳೆ ಗಾಡಿಗಳಲ್ಲಿ ಎಥನಾಲ್‌ನ ನಿಜವಾದ ತೊಂದರೆ ರಬ್ಬರ್ ಪೈಪುಗಳದ್ದು. ಬೆಳಿಗ್ಗೆ ಗಾಡಿಯ ಹತ್ತಿರ ಹೋದಾಗ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಮುಂದೆ ಓದುವುದನ್ನು ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಸ್ಟಾರ್ಟ್ ಮಾಡಬೇಡಿ. ಸೋರಿಕೆ ಮೈಲೇಜಿನ ಪ್ರಶ್ನೆಯಲ್ಲ, ಬೆಂಕಿಯ ಪ್ರಶ್ನೆ.

ದಾರಿ, ಎಸಿ, ಎಥನಾಲ್ ಎಲ್ಲ ಕಳೆದ ಮೇಲೂ ಶೇ 10ಕ್ಕಿಂತ ಜಾಸ್ತಿ ಕೊರತೆ ಉಳಿದರೆ ಕಾರಿನಲ್ಲಿ ದೋಷ ಇದೆ ಅಂತ ಇಟ್ಟುಕೊಳ್ಳಿ.

ಗಾಳಿ

ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಬರೆದಿರುವಷ್ಟು ಗಾಳಿ ಹಾಕಿಸಿ, ಟೈರ್ ತಣ್ಣಗಿರುವಾಗ. ಇದು ಬೇಕೇ ಬೇಕು. ಆದರೆ ಇದರಿಂದ ಪವಾಡ ಆಗುವುದಿಲ್ಲ. ನಾಲ್ಕೂ ಟೈರಿನಲ್ಲಿ ಒಂದು ಪಿಎಸ್‌ಐ (ಒತ್ತಡದ ಅಳತೆ) ಕಡಿಮೆಯಾದರೆ ಮೈಲೇಜ್ ಬೀಳುವುದು ಸುಮಾರು ಶೇ 0.2 ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಹತ್ತು ಪಿಎಸ್‌ಐ ಕಡಿಮೆ ಇದ್ದರೂ ಶೇ 2. ಗಾಳಿ ಸರಿಯಿಲ್ಲದಿದ್ದರೆ ಟೈರ್ ಬೇಗ ಸವೆಯುತ್ತದೆ, ಬಿಸಿಯಾಗಿ ಒಡೆಯುವ ಅಪಾಯ ಇದೆ. ಅದಕ್ಕಾಗಿ ನೋಡಿ. ನಾಲ್ಕು ಕಿ.ಮೀ.ಯ ಕೊರತೆಗೆ ಕಾರಣ ಬೇರೆಲ್ಲೋ ಇದೆ.

ಚಕ್ರ ಹಿಡಿಯುತ್ತಿದೆಯಾ?

ಇದನ್ನು ನೋಡುವವರೇ ಕಡಿಮೆ. ಆದರೆ ಹಳೆ ಕಾರುಗಳಲ್ಲಿ, ಅದರಲ್ಲೂ ಅಪಾರ್ಟ್‌ಮೆಂಟಿನ ಕೆಳಗೆ ವಾರಗಟ್ಟಲೆ ನಿಂತೇ ಇರುವ ಕಾರುಗಳಲ್ಲಿ, ಇದು ತುಂಬಾ ಸಾಮಾನ್ಯ. ಬ್ರೇಕ್ ಒತ್ತಿ ಬಿಟ್ಟ ಮೇಲೆ ಪ್ಯಾಡು ಡಿಸ್ಕ್ ಮೇಲಿನ ಹಿಡಿತ ಬಿಡಬೇಕು. ಬಿಡದಿದ್ದರೆ ಇಂಜಿನ್ ದಿನವಿಡೀ ಬ್ರೇಕನ್ನು ಎಳೆದುಕೊಂಡೇ ಓಡುತ್ತದೆ. ಚಾಲಕನಿಗೆ ಗೊತ್ತೇ ಆಗುವುದಿಲ್ಲ. ನಿಧಾನವಾಗಿ ಬೆಳೆದ ತೊಂದರೆ ಆದ್ದರಿಂದ ಕಾಲಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ.

ಪರೀಕ್ಷೆ ಸುಲಭ. ಖಾಲಿ ರಸ್ತೆಯಲ್ಲಿ ಐದಾರು ಕಿ.ಮೀ. ಹೋಗಿ. ಬ್ರೇಕನ್ನು ಆದಷ್ಟು ಕಡಿಮೆ ಮುಟ್ಟಿ. ಸುರಕ್ಷಿತ ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿ ತಾನಾಗಿ ನಿಧಾನವಾಗಲು ಬಿಟ್ಟು ನಿಲ್ಲಿಸಿ. ಇಳಿದು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಶಾಖ ಅಳೆಯುವ ಇನ್‌ಫ್ರಾರೆಡ್ ಗನ್ ಸಿಕ್ಕರೆ ಇನ್ನೂ ಒಳ್ಳೆಯದು. ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಬಿಸಿ ಇರುವುದು ಸಹಜ. ನೋಡಬೇಕಾದ್ದು ಎಡ ಬಲ. ಎಡ ಮುಂದಿನದು ಉಗುರುಬೆಚ್ಚಗಿದ್ದು ಬಲ ಮುಂದಿನದು ಸುಡುತ್ತಿದ್ದರೆ ಕಳ್ಳ ಸಿಕ್ಕ.

ಆಮೇಲೆ ಜಾಕಿ ಹಾಕಿ ಆ ಚಕ್ರವನ್ನು ಕೈಯಿಂದ ತಿರುಗಿಸಿ. ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು, ಗಾಡಿಯ ಕೆಳಗೆ ಮೈ ಹಾಕಬಾರದು. ಸಣ್ಣಗೆ ಉಜ್ಜುವ ಸದ್ದು ಬರುವುದು ಪರವಾಗಿಲ್ಲ. ಕೈಗೆ ಜೋರಾಗಿ ತಡೆ ಸಿಕ್ಕರೆ ದೋಷ ಖಚಿತ.

ಕಾರಣಗಳು ನಾಲ್ಕೈದು. ಪ್ಯಾಡನ್ನು ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳು ಒಣಗಿ ಕಚ್ಚಿಕೊಂಡಿರುತ್ತವೆ. ಇದೇ ಹೆಚ್ಚು. ಪಿಸ್ಟನ್ ಮೇಲಿನ ರಬ್ಬರ್ ಹರಿದು ಮಳೆಗಾಲದ ನೀರು ಹೊಕ್ಕು ತುಕ್ಕು ಹಿಡಿದಿರಬಹುದು. ಬ್ರೇಕ್ ಹೋಸ್ ಒಳಗೊಳಗೇ ಊದಿಕೊಂಡು ಆಯಿಲ್ ವಾಪಸ್ ಬರಲು ಬಿಡದೆ ಇರಬಹುದು. ಹಿಂದಿನ ಚಕ್ರವಾದರೆ ಹ್ಯಾಂಡ್‌ಬ್ರೇಕ್ ಕೇಬಲ್ ನೋಡಿ. ಲಿವರ್ ಕೆಳಗೆ ಬಂದರೂ ಕೇಬಲ್ ವಾಪಸ್ ಬಂದಿರುವುದಿಲ್ಲ.

ಪಿನ್ನುಗಳನ್ನು ತೆಗೆದು ಉಜ್ಜಿ ಬ್ರೇಕ್‌ಗೆಂದೇ ಬರುವ ಸಿಲಿಕಾನ್ ಗ್ರೀಸ್ ಹಾಕಿಸಿ. ಈ ಮಾತನ್ನು ಮೆಕ್ಯಾನಿಕ್‌ಗೆ ಬಾಯಿಬಿಟ್ಟು ಹೇಳಿ. ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಊದಿಕೊಂಡು ಕೆಲವೇ ತಿಂಗಳಲ್ಲಿ ಪಿನ್ ಮತ್ತೆ ಕಚ್ಚುತ್ತದೆ.

ಥರ್ಮೋಸ್ಟಾಟ್: ನಮ್ಮಲ್ಲಿ ಇದನ್ನು ಕಿತ್ತು ಎಸೆಯುತ್ತಾರೆ

ಇಡೀ ಬರಹದಲ್ಲಿ ನನಗೆ ಜಾಸ್ತಿ ಹೇಳಬೇಕೆನಿಸುವುದು ಇದರ ಬಗ್ಗೆಯೇ. ಥರ್ಮೋಸ್ಟಾಟ್ ಅಂದರೆ ಇಂಜಿನ್ ಮತ್ತು ರೇಡಿಯೇಟರ್ ನಡುವಿನ ಒಂದು ಪುಟ್ಟ ಬಾಗಿಲು. ಇಂಜಿನ್ ತಣ್ಣಗಿರುವಾಗ ಅದು ಮುಚ್ಚಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) 82 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ತೆರೆಯುತ್ತದೆ. ಇದರಿಂದ ಇಂಜಿನ್ ಬೇಗ ಬಿಸಿಯಾಗಿ ಆ ಬಿಸಿಯಲ್ಲೇ ನಿಲ್ಲುತ್ತದೆ.

ಹಳೆ ಕಾರು ಒಮ್ಮೆ ಓವರ್‌ಹೀಟ್ ಆದರೆ ಎಷ್ಟೋ ಗ್ಯಾರೇಜುಗಳಲ್ಲಿ ಮೊದಲು ಮಾಡುವ ಕೆಲಸ ಥರ್ಮೋಸ್ಟಾಟ್ ತೆಗೆಯುವುದು. "ನಮ್ಮ ಬಿಸಿಲಿಗೆ ಇದು ಬೇಡ ಸಾರ್, ಫಾರಿನ್ ಚಳಿಗೆ ಮಾಡಿರೋದು." ಓವರ್‌ಹೀಟ್ ಆ ಕ್ಷಣಕ್ಕೆ ನಿಲ್ಲುತ್ತದೆ, ಗಿರಾಕಿಗೆ ಸಮಾಧಾನ. ಆದರೆ ಅವತ್ತಿನಿಂದ ಇಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಇಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದ ಇಂಜಿನ್ನಿನ ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಬಿಡುತ್ತಲೇ ಇರುತ್ತದೆ. ಇದರಿಂದ ಮೈಲೇಜಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಮೇಲಿನ ಆಯಿಲನ್ನು ತೊಳೆದು ಕೆಳಗಿಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳುವಾಗುತ್ತದೆ, ರಿಂಗುಗಳು ಸವೆಯುತ್ತವೆ. ಮೂರು ಲಕ್ಷ ಕಿ.ಮೀ. ಬಾಳಬಹುದಾದ ಇಂಜಿನ್ ಅರ್ಧಕ್ಕೇ ಸುಸ್ತಾಗುತ್ತದೆ. ಒಂದು ಪುಟ್ಟ ಬಿಡಿಭಾಗ ಇಲ್ಲದೆ ಇಂಜಿನ್ನೇ ಹಾಳಾಗುವುದು ಅನ್ಯಾಯ ಅಲ್ವಾ?

ಹೀಗೆ ಪರೀಕ್ಷಿಸಿ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿ. ರೇಡಿಯೇಟರ್‌ಗೆ ಹೋಗುವ ದಪ್ಪ ಮೇಲಿನ ಪೈಪನ್ನು ಆಗಾಗ ಮುಟ್ಟಿ ನೋಡಿ. ಫ್ಯಾನಿನಿಂದ ಕೈ, ತೋಳು ದೂರ ಇರಲಿ. ಮೊದಲ ಕೆಲವು ನಿಮಿಷ ಪೈಪ್ ತಣ್ಣಗೇ ಇದ್ದು ಆಮೇಲೆ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ಸರಿಯಿದೆ. ಮೊದಲ ನಿಮಿಷದಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಹೋದರೆ ಅದು ತೆರೆದೇ ನಿಂತಿದೆ, ಅಥವಾ ಅಲ್ಲಿ ಇಲ್ಲವೇ ಇಲ್ಲ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ಪೈಪಿನ ಕಡೆ ಇರುತ್ತದೆ. ಅಂಥವುಗಳಲ್ಲಿ ಕೆಳಗಿನದನ್ನು ನೋಡಬೇಕು.

ಬೇರೆ ಗುರುತುಗಳೂ ಇವೆ. ಹೀಟರ್ ಹಾಕಿದರೆ ಬಿಸಿಗಾಳಿ ಸರಿಯಾಗಿ ಬರುವುದಿಲ್ಲ. ಡ್ಯಾಶ್‌ಬೋರ್ಡಿನ ನೀಲಿ ದೀಪ ಬಹಳ ಹೊತ್ತು ಉರಿಯುತ್ತದೆ, ಇಲ್ಲವೇ ಬಿಸಿಯ ಮುಳ್ಳು ಮಧ್ಯಕ್ಕೆ ಬರುವುದೇ ಇಲ್ಲ. ಆಯಿಲ್ ಹಾಕುವ ಮುಚ್ಚಳದ ಒಳಗೆ ಬಿಳಿ ಬೆಣ್ಣೆಯಂಥ ಪದರ ಕೂತಿರುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಚಳಿಯಲ್ಲಿ ಇವೆಲ್ಲ ಇನ್ನೂ ಬೇಗ ಕಣ್ಣಿಗೆ ಬೀಳುತ್ತವೆ. ಘಾಟಿ ಇಳಿಯುವಾಗ ಕೂಲೆಂಟ್ 60ಕ್ಕೆ ಬೀಳುತ್ತಿದ್ದರೆ ಬೇರೆ ಸಾಕ್ಷಿ ಬೇಡ.

ಹೊಸ ಥರ್ಮೋಸ್ಟಾಟ್ ಹಾಕಿಸುವಾಗ ಮೊದಲು ಅದನ್ನು ತೆಗೆದದ್ದು ಏಕೆ ಎಂದು ಕೇಳಿ. ರೇಡಿಯೇಟರ್ ಕಟ್ಟಿಕೊಂಡಿತ್ತಾ, ಫ್ಯಾನ್ ತಿರುಗುತ್ತಿರಲಿಲ್ಲವಾ, ಕೂಲೆಂಟ್ ಬದಲು ಬರೀ ನೀರು ಹಾಕಿ ಒಳಗೆ ತುಕ್ಕು ಹಿಡಿದಿತ್ತಾ? ಆ ಮೂಲ ಸರಿಯಾಗದೆ ಥರ್ಮೋಸ್ಟಾಟ್ ಮಾತ್ರ ಹಾಕಿದರೆ ಗಾಡಿ ಮತ್ತೆ ಓವರ್‌ಹೀಟ್ ಆಗುತ್ತದೆ. ಬೈಗುಳ ಮಾತ್ರ ಹೊಸ ಥರ್ಮೋಸ್ಟಾಟ್‌ಗೆ.

ಸ್ಕ್ಯಾನರ್ ಹಾಕಿ, ಆದರೆ ಬರೀ ಕೋಡ್ ನೋಡಬೇಡಿ

2013ರ ಏಪ್ರಿಲ್ ನಂತರ ತಯಾರಾದ ಕಾರುಗಳಲ್ಲಿ ಒಬಿಡಿ-2, ಅಂದರೆ ಇಂಜಿನ್ನಿನ ದೋಷಗಳನ್ನು ಕೋಡ್ ರೂಪದಲ್ಲಿ ತಿಳಿಸುವ ವ್ಯವಸ್ಥೆ, ಕಡ್ಡಾಯವಾಗಿ ಇದೆ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದರೆ ಫೋನಿನಲ್ಲೇ ಎಲ್ಲ ಕಾಣುತ್ತದೆ. ಅದಕ್ಕಿಂತ ಹಳೆಯ ಕೆಲವು ಕಾರುಗಳಿಗೆ ಆಯಾ ಕಂಪನಿಯ ಸ್ಕ್ಯಾನರ್ ಇರುವ ಗ್ಯಾರೇಜ್ ಬೇಕು.

"ಕೋಡ್ ಏನೂ ಇಲ್ಲ, ಆದ್ದರಿಂದ ತೊಂದರೆ ಇಲ್ಲ" ಎಂಬುದನ್ನು ನಂಬಬೇಡಿ. ಚೆಕ್ ಇಂಜಿನ್ ದೀಪ ಹತ್ತುವುದು ತೊಂದರೆ ಒಂದು ಮಿತಿ ದಾಟಿದ ಮೇಲೆ. ಅದಕ್ಕೂ ಮೊದಲೇ ಪೆಟ್ರೋಲ್ ಹಾಳಾಗುತ್ತಿರುತ್ತದೆ. ಓಡುತ್ತಿರುವ ಅಂಕಿಗಳನ್ನು ನೋಡಿ.

ಮೊದಲು ಬೆಳಿಗ್ಗೆ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಕೂಲೆಂಟ್ ಬಿಸಿ ಮತ್ತು ಒಳಗೆ ಬರುವ ಗಾಳಿಯ ಬಿಸಿ, ಎರಡೂ ಹತ್ತಿರಹತ್ತಿರ ಇರಬೇಕು. ರಾತ್ರಿಯಿಡೀ ನಿಂತ ಗಾಡಿ ತಾನೇ! ಗಾಳಿ 24 ಅಂತಲೂ ಕೂಲೆಂಟ್ 5 ಅಂತಲೂ ತೋರಿಸಿದರೆ ಕೂಲೆಂಟ್ ಸೆನ್ಸರ್ ಸುಳ್ಳು ಹೇಳುತ್ತಿದೆ. ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತಿದೆ.

ಆಮೇಲೆ ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ನೋಡಿ. ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಜಾಸ್ತಿ ಅಥವಾ ಕಡಿಮೆ ಬಿಡುತ್ತಿದೆ ಎಂಬುದರ ಶೇಕಡಾ ಅಂಕಿ ಅದು. ಸೊನ್ನೆಯ ಆಚೀಚೆ ಐದರೊಳಗೆ ಇದ್ದರೆ ಚೆನ್ನ. ಇಲ್ಲೊಂದು ಎಚ್ಚರಿಕೆ. ಶುದ್ಧ ಪೆಟ್ರೋಲಿಗೆ ಲೆಕ್ಕ ಹಾಕಿದ ಹಳೆ ಕಾರಿಗೆ ಇ20 ಹಾಕಿದರೆ ಟ್ರಿಮ್ ಪ್ಲಸ್ 5ರಿಂದ 8ರವರೆಗೆ ಏರುವುದು ಸಹಜ. ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಪಾಲು ಸಾಕು. ಆದ್ದರಿಂದ ಅಷ್ಟೇ ಗಾಳಿಗೆ ಜಾಸ್ತಿ ಇಂಧನ ಬಿಡಲೇಬೇಕು. ಪ್ಲಸ್ 7 ಕಂಡ ಕೂಡಲೇ ಸೆನ್ಸರ್ ಬದಲಿಸಲು ಹೊರಡಬೇಡಿ.

ಪ್ಲಸ್ 15, ಮೈನಸ್ 15 ಕಂಡರೆ ಸ್ಪಾರ್ಕ್ ಪ್ಲಗ್‌ಗಳನ್ನೂ ಬಿಚ್ಚಿ ನೋಡಿ. ಎರಡನ್ನೂ ಜೊತೆಗಿಟ್ಟು ಓದಿದರೆ ದೋಷ ತಾನಾಗಿ ಬಾಯಿಬಿಡುತ್ತದೆ.

ಟ್ರಿಮ್ ಪ್ಲಸ್ 15, ಪ್ಲಗ್ ತುದಿ ಬೆಳ್ಳಗೆ: ಇಂಜಿನ್‌ಗೆ ನಿಜಕ್ಕೂ ಪೆಟ್ರೋಲ್ ಸಾಲುತ್ತಿಲ್ಲ. ಎಲ್ಲೋ ವ್ಯಾಕ್ಯೂಮ್ ಪೈಪ್ ಬಿರಿದು ಗಾಳಿ ಎಳೆಯುತ್ತಿದೆ, ಅಥವಾ ಫ್ಯೂಯಲ್ ಪಂಪ್ ಸೋತಿದೆ.

ಟ್ರಿಮ್ ಮೈನಸ್ 15, ಪ್ಲಗ್ ಕಪ್ಪು ಮಸಿ: ಎಲ್ಲಿಂದಲೋ ಹೆಚ್ಚಿನ ಪೆಟ್ರೋಲ್ ಬರುತ್ತಿದೆ. ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು. ಆವಿ ಬಿಡುವ ಪರ್ಜ್ ವಾಲ್ವ್ ತೆರೆದೇ ನಿಂತಿರಬಹುದು. ಆಯಿಲ್‌ನಲ್ಲೇ ಪೆಟ್ರೋಲ್ ಸೇರಿರಬಹುದು. ಡಿಪ್‌ಸ್ಟಿಕ್ ಮೂಸಿ ನೋಡಿ.

ಟ್ರಿಮ್ ಪ್ಲಸ್ 15, ಆದರೂ ಪ್ಲಗ್ ಕಪ್ಪು: ಇದೇ ನಿಜವಾಗಿ ದುಡ್ಡು ತಿನ್ನುವ ದೋಷ. ಪೆಟ್ರೋಲ್ ಸಾಲದು ಅಂತ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಹೇಳುತ್ತಿದೆ, ಸಾಕು ಅಂತ ಪ್ಲಗ್ ಹೇಳುತ್ತಿದೆ. ಸೆನ್ಸರ್ ಸುಳ್ಳು ಹೇಳುತ್ತಿದೆ. ಹೆಚ್ಚಿನ ಕಾರುಗಳಲ್ಲಿ ಮುಂದಿನ ಸೆನ್ಸರ್ ವೋಲ್ಟೇಜ್ 0.1ರಿಂದ 0.9ರವರೆಗೆ ಚುರುಕಾಗಿ ಏರಿಳಿಯಬೇಕು. ಹಳೆಯದಾದಾಗ ಅದು ಸೋಮಾರಿಯಾಗುತ್ತದೆ, ಇಲ್ಲವೇ ಕೆಳಗೇ ಅಂಟಿಕೊಳ್ಳುತ್ತದೆ. ಹೊಸದು ಕೊಳ್ಳುವ ಮೊದಲು ಒಂದು ಕೆಲಸ. ಇಂಜಿನ್ ಮತ್ತು ಸೆನ್ಸರ್ ನಡುವೆ ಸೈಲೆನ್ಸರ್ ಪೈಪಿನ ಗ್ಯಾಸ್ಕೆಟ್ ಸೋರುತ್ತಿದೆಯಾ ನೋಡಿಸಿ. ಅಲ್ಲಿ ಒಳಹೊಕ್ಕ ಹೊರಗಾಳಿಯೂ ಸೆನ್ಸರನ್ನು ಇದೇ ರೀತಿ ದಾರಿ ತಪ್ಪಿಸುತ್ತದೆ. ಗ್ಯಾಸ್ಕೆಟ್‌ನ ಬೆಲೆ ಸೆನ್ಸರ್‌ನ ಬೆಲೆಗಿಂತ ತುಂಬಾ ಕಡಿಮೆ.

ಸುಮ್ನೆ ಬೈಸಿಕೊಳ್ಳುವ ಭಾಗಗಳು

ಏರ್ ಫಿಲ್ಟರ್ ಕೊಳೆಯಾಗಿದ್ದರಿಂದ ಮೈಲೇಜ್ ಬಿತ್ತು ಎಂಬುದು ಕಾರ್ಬ್ಯುರೇಟರ್ ಕಾಲದ ಮಾತು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಫ್ಯೂಯಲ್ ಇಂಜೆಕ್ಷನ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಸಿ ಪರೀಕ್ಷೆ ಮಾಡಿತು. ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ, ಪಿಕಪ್ ಮಾತ್ರ ಕುಗ್ಗಿತು. ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಕಂಪ್ಯೂಟರ್ ಬಿಡುವುದರಿಂದ ಹೀಗಾಗುತ್ತದೆ. ಫಿಲ್ಟರ್ ಬದಲಿಸಿ, ನಮ್ಮ ರಸ್ತೆಯ ದೂಳಿಗೆ ಬೇಕೇ ಬೇಕು. ಆದರೆ ಅದರಿಂದ ಮೈಲೇಜ್ ವಾಪಸ್ ಬರುತ್ತದೆ ಅಂತ ಕಾಯಬೇಡಿ.

ಇಂಜಿನ್ ಆಯಿಲ್‌ನ ಗ್ರೇಡ್ ನೋಡಿ. ಕೈಪಿಡಿ 5ಡಬ್ಲ್ಯೂ-30 ಅಂದಿದ್ದರೆ ಅದೇ ಹಾಕಿಸಿ. "ಹಳೆ ಇಂಜಿನ್‌ಗೆ ದಪ್ಪ ಆಯಿಲ್ ಒಳ್ಳೇದು" ಅಂತ 20ಡಬ್ಲ್ಯೂ-50 ಸುರಿದರೆ ಇಂಜಿನ್ ಅದನ್ನು ತಳ್ಳುವುದಕ್ಕೇ ಶಕ್ತಿ ಕಳೆಯುತ್ತದೆ.

ಕ್ಲಚ್ ಜಾರುತ್ತಿದೆಯಾ ಎಂಬುದಕ್ಕೆ ಖಾಲಿ ರಸ್ತೆ ಸಾಕು. ನಾಲ್ಕನೇ ಗೇರ್, ವೇಗ 50. ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಹಾರಿ ವೇಗ ಅಲ್ಲೇ ನಿಂತರೆ ಕ್ಲಚ್ ಪ್ಲೇಟ್ ಸವೆದಿದೆ.

ಈಗ ಇಂಜಿನ್ನಿನ ಒಳಗೆ

ಮೇಲಿನ ಯಾವುದರಲ್ಲೂ ದೋಷ ಸಿಗದಿದ್ದರೆ ಮಾತ್ರ ಕಂಪ್ರೆಶನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು. ಇದಕ್ಕೂ ಇಂಜಿನ್ ಬಿಚ್ಚಬೇಕಿಲ್ಲ. ಪ್ಲಗ್ ತೆಗೆದು ಆ ಜಾಗಕ್ಕೆ ಗೇಜ್ ಹಾಕಿ ಸೆಲ್ಫ್ ಹೊಡೆದರೆ ಆಯಿತು. ಇಂಜಿನ್ ಬಿಸಿ ಇರಬೇಕು, ಬ್ಯಾಟರಿ ಚೆನ್ನಾಗಿರಬೇಕು, ಎಲ್ಲ ಪ್ಲಗ್ ತೆಗೆದಿರಬೇಕು, ಪೆಟ್ರೋಲ್ ಮತ್ತು ಕಿಡಿ ಎರಡೂ ಬಂದ್ ಆಗಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಇಷ್ಟಿಲ್ಲದೆ ಮಾಡಿದ ಪರೀಕ್ಷೆಯ ಅಂಕಿಗೆ ಬೆಲೆಯಿಲ್ಲ.

ಸರಿಯಾದ ಅಂಕಿ ಎಷ್ಟೆಂಬುದು ಆಯಾ ಇಂಜಿನ್‌ನ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. 175, 170, 172 ಪಿಎಸ್‌ಐ ಬಂದು ನಾಲ್ಕನೆಯದು 120 ಬಂದರೆ ಆ ಸಿಲಿಂಡರ್‌ನಲ್ಲಿ ತೊಂದರೆ ಇದೆ. ಅದರೊಳಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಅಂಕಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಸೋರುತ್ತಿದೆ. ವಾಲ್ವ್ ಆದರೆ ಹೆಡ್ ಕೆಲಸ ಸಾಕು, ಇಡೀ ಇಂಜಿನ್ ಬಿಚ್ಚುವ ಮಾತಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್. ಎಲ್ಲವೂ ಸಮನಾಗಿ ಕಡಿಮೆ ಇದ್ದರೆ ಟೈಮಿಂಗ್ ಚೈನ್ ಅಥವಾ ಬೆಲ್ಟ್ ಒಂದು ಹಲ್ಲು ಹಾರಿದೆಯಾ ಎಂದು ಮೊದಲು ನೋಡಿ.

ಎಲ್ಲವೂ ಸರಿಸಮ ಇದ್ದು ಪುಸ್ತಕದ ಮಿತಿಯೊಳಗೆ ಇದ್ದರೆ ನಿಮ್ಮ ಇಂಜಿನ್‌ಗೆ ವಯಸ್ಸಾಗಿಲ್ಲ. ಯಾರು ಏನೇ ಹೇಳಲಿ, ಗೇಜಿನ ಫೋಟೋ ಇಟ್ಟುಕೊಳ್ಳಿ.

ಇಟ್ಟುಕೊಳ್ಳುವುದೋ, ಬಿಡುವುದೋ

ವರ್ಷಕ್ಕೆ 10,000 ಕಿ.ಮೀ. ಓಡಿಸುವವರಿಗೆ 11 ಮತ್ತು 15ರ ನಡುವಿನ ವ್ಯತ್ಯಾಸ ಸುಮಾರು 240 ಲೀಟರ್. ಲೀಟರ್‌ಗೆ 100 ರೂಪಾಯಿ ಅಂದುಕೊಂಡರೆ ವರ್ಷಕ್ಕೆ 24,000 ರೂಪಾಯಿ. ಬ್ರೇಕ್ ಪಿನ್, ಥರ್ಮೋಸ್ಟಾಟ್, ಸೆನ್ಸರ್ ಮೂರನ್ನೂ ಸರಿಮಾಡಿಸಿದರೂ ಅಷ್ಟು ಹೋಗುವುದು ಅಪರೂಪ. ಹೊಸ ಕಾರಿನ ಕಂತಿಗೆ ಹೋಲಿಸಿದರಂತೂ ಮಾತೇ ಬೇಡ.

ಇಂಜಿನ್ ಎಷ್ಟು ಬಾಳುತ್ತದೆ ಎಂಬುದಕ್ಕೆ ಮೇಲ್ಮಿತಿ ಹೇಳುವುದು ಕಷ್ಟ. ಅಮೆರಿಕದ ಇರ್ವ್ ಗಾರ್ಡನ್ 1966ರಲ್ಲಿ ಕೊಂಡ ವೋಲ್ವೋ ಪಿ1800 ಕಾರನ್ನು 2013ರಲ್ಲಿ 30 ಲಕ್ಷ ಮೈಲಿ ದಾಟಿಸಿದರು. ಹೊತ್ತಿಗೆ ಸರಿಯಾಗಿ ಆಯಿಲ್ ಮತ್ತು ಸರ್ವಿಸ್, ಅದನ್ನೇ ಅವರು ಹೇಳುತ್ತಾ ಬಂದದ್ದು. ನಮ್ಮಲ್ಲಿ ಮೂರು ಲಕ್ಷ ಕಿ.ಮೀ. ದಾಟಿದ ಟ್ಯಾಕ್ಸಿಗಳನ್ನು ಯಾವ ಊರಿನ ಸ್ಟ್ಯಾಂಡಿನಲ್ಲಾದರೂ ಕಾಣಬಹುದು. ಅವು ದಿನವೂ ಓಡುತ್ತವೆ, ಇಂಜಿನ್ ಪೂರ್ತಿ ಬಿಸಿಯಾಗಿಯೇ ಓಡುತ್ತದೆ. ದಿನಕ್ಕೆ ಮೂರು ಕಿ.ಮೀ. ಓಡಿ ನಿಲ್ಲುವ ಕಾರು ಅದಕ್ಕಿಂತ ಬೇಗ ಸೊರಗುತ್ತದೆ.

ಕಾರಿನ ಆಯಸ್ಸನ್ನು ನಿಜಕ್ಕೂ ಮುಗಿಸುವುದು ತುಕ್ಕು. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕಾರನ್ನು ಲಿಫ್ಟ್ ಮೇಲೆ ಏರಿಸಿ ಬಾಗಿಲ ಕೆಳಗಿನ ಪಟ್ಟಿ, ಜಾಕಿ ಕೊಡುವ ಜಾಗ, ನೆಲದ ತಗಡು, ಬಾನೆಟ್ ಒಳಗೆ ಸಸ್ಪೆನ್ಷನ್ ಕೂರುವ ಗುಮ್ಮಟಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿಸಿ. ಮೇಲಿನ ತುಕ್ಕನ್ನು ಉಜ್ಜಿ ಬಣ್ಣ ಹೊಡೆಯಬಹುದು. ಸ್ಕ್ರೂಡ್ರೈವರ್ ಒಳಗೆ ಇಳಿದರೆ ಆ ಕಾರು ಅಪಘಾತದಲ್ಲಿ ನಿಮ್ಮನ್ನು ಕಾಪಾಡುವುದಿಲ್ಲ. ಮೈಲೇಜ್ 18 ಕೊಟ್ಟರೂ ಅದನ್ನು ಬಿಡಿ.

ಚಾಸಿ ಗಟ್ಟಿಯಿದ್ದು ಕಂಪ್ರೆಶನ್ ಸರಿಯಿದ್ದರೆ 15 ವರ್ಷ ಆಯಿತೆಂದು ಹೆದರಬೇಕಿಲ್ಲ. ದೆಹಲಿಯಲ್ಲಿ ಪೆಟ್ರೋಲ್ ಕಾರಿಗೆ 15 ವರ್ಷದ ಮಿತಿ ತಂದ ಹಾಗೆ ಕರ್ನಾಟಕದಲ್ಲಿ ಇಲ್ಲ. ಇಲ್ಲಿ 15 ವರ್ಷ ಮುಗಿದಾಗ ಆರ್‌ಟಿಒದಲ್ಲಿ ಗಾಡಿ ತೋರಿಸಿ ಎಫ್‌ಸಿ ಮಾಡಿಸಿ ಆರ್‌ಸಿಯನ್ನು ಐದು ವರ್ಷಕ್ಕೆ ನವೀಕರಿಸಬಹುದು. ಕಾರಿಗೆ ಈ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿಗೆ ಏರಿತು. ಹಸಿರು ತೆರಿಗೆ ಬೇರೆ. ಆರ್‌ಸಿ ಮುಗಿಯುವ ಎರಡು ಮೂರು ತಿಂಗಳು ಮೊದಲೇ ಬ್ರೇಕ್, ಹೊಗೆ, ದೀಪಗಳ ಕೆಲಸ ಮುಗಿಸಿಟ್ಟುಕೊಳ್ಳಿ. ಮೈಲೇಜಿಗಾಗಿ ಮೇಲೆ ಹೇಳಿದ ಪರೀಕ್ಷೆಗಳನ್ನು ಮಾಡಿಸಿದ್ದರೆ ಆ ಪಟ್ಟಿಯ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.